ದ್ವಿದಳದ ತಿಂಗಳಿನ ಚವಳಿಕಾಯಿ

ನಮ್ಮ ಹಿತ್ತಲಿನಲ್ಲಿ ಚವಳಿಕಾಯಿ, ಎಂದರೆ ಗೋರಿಕಾಯಿ, ಬುಟ್ಟಿಗಟ್ಟಲೆ ಬರುವುದು ಸರಿಯಾಗಿ ನಾವು ಅದನ್ನು ತಿನ್ನಬಾರದ ತಿಂಗಳಲ್ಲಿ. ಚಾತುರ್ಮಾಸದ ಕೊನೆಯ ತಿಂಗಳು ದ್ವಿದಳ ವ್ರತ. ಒಡೆದರೆ ಎರಡು ಹೋಳಾಗುವ ಯಾವ ಕಾಳೂ ಬಾಯಿಗೆ ಹೋಗುವಂತಿಲ್ಲ. ತೊಗರಿ, ಹೆಸರು, ಕಡಲೆ ಇಲ್ಲ. ಅವರೆ, ಅಲಸಂದೆ, ಚವಳಿಕಾಯಿ ಇಲ್ಲ. ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆದರೆ ಗಿಡದ ಗೆಣ್ಣುಗೆಣ್ಣಿಗೂ ಗೊಂಚಲು. ಕೊಯ್ಯುವುದು, ತೊಟ್ಟು ಮುರಿಯುವುದು, ಒಣಗಿಸುವುದು, ತಿನ್ನದಿರುವುದು.

ಮದುವೆಯಾಗಿ ಮುನವಳ್ಳಿಗೆ ಬಂದ ಹೊಸದರಲ್ಲಿ ನಾನು ಅತ್ತೆಯನ್ನು ಕೇಳಿದ್ದೆ, ಸ್ವಲ್ಪ ತಡಮಾಡಿ ಬಿತ್ತಿದರೆ ವ್ರತ ಮುಗಿದ ಮೇಲೆ ಕಾಯಿ ಬರುವುದಿಲ್ಲವೇ ಎಂದು.

"ತಡಾ ಮಾಡಿದ್ರ ಹೂವಿಗೆ ಇಬ್ಬನಿ ಬೀಳ್ತದ, ಕಾಯಿ ನಾರಾಗ್ತದ. ಗಿಡಕ್ಕೇನ್ ಪಂಚಾಂಗ ಗೊತ್ತದೇನು?" ಎಂದಿದ್ದರು.

ಆ ಹಿತ್ತಲನ್ನು ನೆನೆದಾಗಲೆಲ್ಲ ಅದರ ಮೇಲೆ ಬಿಸಿಲು ತಾನಾಗಿ ಬಂದು ಬೀಳುತ್ತದೆ. ಆ ಬಿಸಿಲನ್ನು ನಾನು ನಂಬುವುದಿಲ್ಲ. ನಾನು ಹೇಳುತ್ತಿರುವ ವರ್ಷ ಮೋಡವೇ ಹೆಚ್ಚಿತ್ತು. ಮೋಡ ಇಲ್ಲದಿದ್ದರೆ ಇದರಲ್ಲಿ ಅರ್ಧ ನಡೆಯುತ್ತಿರಲಿಲ್ಲ.

ತಿನ್ನಲಾಗದ ಕಾಯಿ ಬಾಳಕವಾಗುತ್ತದೆ. ಎಳೆಯ ಚವಳಿಕಾಯಿಯನ್ನು ಹಿತ್ತಲ ಒಲೆಯ ಮೇಲೆ ಒಂದು ಕುದಿ ಬೇಯಿಸಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಬೇಕು. ಹಗಲು ಮಾಳಿಗೆಯ ಮೇಲೆ ಮಡಿ ಬಟ್ಟೆ ಹಾಸಿ ಒಣಗಿಸಬೇಕು. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಹೀಗೆ ಕಾಯಿ ಮಜ್ಜಿಗೆಯನ್ನೆಲ್ಲ ಕುಡಿದು ಮುಗಿಸಿ, ಮುರಿದರೆ ಚಟ್ಟನೆ ಸದ್ದಾಗುವವರೆಗೆ. ವ್ರತ ಮುಗಿಯುವ ಉತ್ಥಾನ ದ್ವಾದಶಿಯ ಬೆಳಿಗ್ಗೆ ಅದನ್ನು ಎಣ್ಣೆಯಲ್ಲಿ ಕರಿದು ದೇವರಿಗೆ ತೋರಿಸಿ, ಆಮೇಲೆ ಎಲೆಗೆ ಬಡಿಸಬೇಕು. ನಮ್ಮ ಮನೆಯಲ್ಲಿ ವ್ರತ ಬಿಡುವುದು ಅದರಿಂದಲೇ.

ಇದರಲ್ಲಿ ತೊಂದರೆ ಒಂದೇ. ಉಪ್ಪು ಸರಿ ಇದೆಯೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ನೋಡುವಂತಿಲ್ಲ; ಎಲ್ಲರದೂ ವ್ರತ. ಅದಕ್ಕೆ ಗೋಡೆಯಾಚೆಯ ಗೌಡರ ಮನೆಯ ಹೆಂಗಸು ಇದ್ದಳು. ಅತ್ತೆ ಒಂದು ಕಾಯಿಯನ್ನು ಬಾಳೆಲೆಯ ಚೂರಿನಲ್ಲಿಟ್ಟು ಹಿತ್ತಲ ಗೋಡೆಯ ಮೇಲಿಡುತ್ತಿದ್ದರು. ಅವಳು ಎಮ್ಮೆಯ ಕೆಲಸ ಬಿಟ್ಟು ಬಂದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಬಾಯಾರ, ವರ್ಷಾ ನನ್ನ ನಾಲಿಗಿ ದುಡಸ್ಕೊಂತೀರಿ. ನಿಮ್ಮ ದೇವ್ರು ಪಗಾರ ಏನ್ ಕೊಡ್ತಾನ್ರಿ?"

"ಪುಣ್ಯಾ ಕೊಡ್ತಾನ, ಗೌಡಶ್ಯಾನಿ. ಉಪ್ಪು ಹೇಳು."

"ಪುಣ್ಯಾ ಭಾಳ ಆಗೇತ್ರಿ. ಉಪ್ಪ ಕಮ್ಮಿ ಐತಿ."

ಆ ವರ್ಷ ನನಗೆ ಯರಗಟ್ಟಿಯ ಒಂದು ಶಾಲೆಯಲ್ಲಿ ಕೆಲಸ ಸಿಗುವುದರಲ್ಲಿತ್ತು. ಮದುವೆಗೆ ಮುಂಚೆ ನಾನು ವಿಜ್ಞಾನ ಕಲಿಸುತ್ತಿದ್ದೆ. ಆಮೇಲೆ ಕಲಿಸಿದ್ದೇನೂ ಇಲ್ಲ. ದ್ವಾದಶಿ ಕಳೆದ ಸೋಮವಾರ ಬಂದು ಸೇರಬಹುದು ಎಂದಿದ್ದರು. ಗಂಡ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟವರು. "ಅಪ್ಪನ್ನ ಕೇಳು" ಎಂದು ಮುಗಿಸಿದರು. ಮಾವ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಈಗ ಅವರ ಕಚೇರಿ ದೇವರ ಮನೆ. ಪೂಜೆಯ ತಟ್ಟೆ ತೊಳೆಯುತ್ತ ಹೇಳಿದರು:

"ನಂದೇನೂ ಅಡ್ಡಿ ಇಲ್ಲವಾ. ನಿಮ್ಮತ್ತಿ ಮಡಿಲೆ ಅಡಿಗಿ ಮಾಡೂತನಕಾ ನೀ ಎಲ್ಲಿ ಬೇಕಾದ್ರೂ ಹೋಗು. ಆಕಿ ಕೈಲೆ ಆಗಂಗಿಲ್ಲ ಅಂದ ದಿನಾ ಮಾತ್ರ ದೇವರನ್ನ ಉಪವಾಸ ಕೆಡವಬ್ಯಾಡ."

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ನ್ಯಾಯದ ಮಾತಿನಂತೆಯೇ ಇತ್ತು. ಮಡಿ ಅಡಿಗೆ ಎಂದರೆ ಬೆಳಗಿನ ಜಾವ ಸ್ನಾನ ಮಾಡಿ, ಮಡಿಯಲ್ಲಿ ಒಣಗಿಸಿದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ನೈವೇದ್ಯ ಆಗುವ ಮಧ್ಯಾಹ್ನದವರೆಗೆ ಹೊಸ್ತಿಲು ದಾಟದಿರುವುದು, ಯಾರನ್ನೂ ಮುಟ್ಟದಿರುವುದು. ಬಸ್ಸು ಹತ್ತುವವಳಿಗೆ ಅದು ಆಗುವ ಕೆಲಸವಲ್ಲ. ಆದರೆ ಅತ್ತೆ ಗಟ್ಟಿ ಇದ್ದರು. ಸೊಂಟ ನೆಟ್ಟಗಿತ್ತು, ಕಣ್ಣು ಚುರುಕಿತ್ತು. ನನಗೆ ಭಯವಿರಲಿಲ್ಲ.

ಆ ವಾರವೇ ಹಾಲು ಸೀದಿತು. ಪಡಸಾಲೆಯಲ್ಲಿ ಕೂತಿದ್ದ ನನ್ನ ಮೂಗಿಗೆ ಸೀದ ವಾಸನೆ ಬಡಿಯಿತು. ಓಡಿಹೋಗಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತೆ. ಅತ್ತೆ ಒಲೆಗೆ ಬೆನ್ನು ಹಾಕಿ, ಕೈಯಳತೆಯಷ್ಟು ಹತ್ತಿರದಲ್ಲೇ ಕರಿಬೇವು ಬಿಡಿಸುತ್ತಿದ್ದರು. ಪಾತ್ರೆಯ ತಳ ಕರಕಲಾಗಿ ಹೊಗೆ ಏಳುತ್ತಿತ್ತು.

"ಅತ್ತಿ, ಹಾಲು!"

ತಿರುಗಿ ಮೊದಲು ಪಾತ್ರೆಯನ್ನು ನೋಡಿದರು, ಆಮೇಲೆ ನನ್ನನ್ನು. "ಲಕ್ಷ್ಯ ಇರಲಿಲ್ಲ" ಎಂದರು.

ಮರುದಿನ ಹೊಸ್ತಿಲಾಚೆಯಿಂದ ಕಂಡೆ. ಇಂಗಿನ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದಿದ್ದರು. ಮುಚ್ಚಿದರು. ಮತ್ತೆ ತೆರೆದರು. ನಾನು ನೋಡುತ್ತಿರುವುದನ್ನು ಅವರು ನೋಡಿದರು. ಡಬ್ಬಿ ಜಾಗಕ್ಕೆ ಹೋಯಿತು.

ಕೊರೊನಾ ಜ್ವರ ಬಂದಾಗ ಮನೆಮಂದಿಗೆಲ್ಲ ವಾಸನೆ ಹೋಗಿತ್ತು. ನನ್ನದು ಕೆಲವೇ ದಿನಗಳಲ್ಲಿ ಬಂತು, ಗಂಡನದೂ ಬಂತು. ಅತ್ತೆಯದು ಬಂದಿರಲೇ ಇಲ್ಲ. ಬಾರದೆಯೂ ಅವರು ಇಷ್ಟು ಕಾಲ ಅಡಿಗೆ ಮಾಡಿದ್ದರು, ಸಾಸಿವೆಯ ಸದ್ದು ಕೇಳಿ, ಬೇಳೆಯ ಬಣ್ಣ ನೋಡಿ. ಯಾರಿಗೂ ಸಂಶಯ ಬಾರದಿರುವುದಕ್ಕೆ ಕಾರಣ ನಮ್ಮ ಪದ್ಧತಿಯೇ. ನೈವೇದ್ಯಕ್ಕೆ ಮುಂಚೆ ಅಡಿಗೆ ಮಾಡಿದವರು ರುಚಿ ನೋಡುವಂತಿಲ್ಲ. ಮೂಸುವಂತೆಯೂ ಇಲ್ಲ. ಬೇರೆ ಮನೆಗಳಲ್ಲಾದರೆ ಚಮಚೆಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡದ ಅಡಿಗೆಯವಳನ್ನು ಜನ ವಿಚಿತ್ರ ಎಂದಾರು. ಇಲ್ಲಿ ಅದೇ ಶಿಸ್ತು. ಆವಿಯ ಜೊತೆ ತಾನಾಗಿ ಬರುತ್ತಿದ್ದ ವಾಸನೆಯಿಂದಲೇ ಅತ್ತೆ ಜೀವಮಾನವೆಲ್ಲ ಅಡಿಗೆಯ ಹದ ಹಿಡಿದವರು. ಅದು ಹೋಗಿತ್ತು.

ನಾನು ಯಾರಿಗೂ ಹೇಳಲಿಲ್ಲ. ಕರುಣೆಯಿಂದ ಎಂದು ಬರೆದರೆ ಓದಲು ಹಿತವಾಗಿರುತ್ತದೆ. ಹೇಳಿದ್ದರೆ ಮರುದಿನದಿಂದ ಆ ಸೀರೆ ಉಟ್ಟು ಆ ಒಲೆಯ ಮುಂದೆ ನಿಲ್ಲಬೇಕಾದವಳು ನಾನು. ಅವರಿಗೆ ಒಲೆ ಬಿಡುವುದು ಬೇಡವಾಗಿತ್ತು, ನನಗೆ ಅದು ಬರುವುದು ಬೇಡವಾಗಿತ್ತು. ಈ ವಿಷಯ ನಮ್ಮಿಬ್ಬರ ನಡುವೆ ಒಮ್ಮೆಯೂ ಮಾತಿಗೆ ಬರಲಿಲ್ಲ.

ಬಾಳಕದ ಕೆಲಸ ಶುರುವಾದ ಎರಡನೆಯ ಸಂಜೆ ಅತ್ತೆ ನನ್ನನ್ನು ಮಾಳಿಗೆಗೆ ಕರೆದರು. ಉಪ್ಪನ್ನು ಗೌಡಶ್ಯಾನಿ ಆಗಲೇ ಹೇಳಿದ್ದಳು. ಹುಳಿಯನ್ನು ಹೇಳುವುದು ಅವಳ ಕೆಲಸವಲ್ಲ, ಯಾಕೆಂದರೆ ಮಜ್ಜಿಗೆಯ ಭರಣಿ ಮಡಿಯಲ್ಲಿರುವುದು, ಗೋಡೆಯ ಮೇಲೆ ಹೋಗುವುದಲ್ಲ. ಮಜ್ಜಿಗೆ ದಿನದಿನಕ್ಕೆ ಹುಳಿಯಾಗುತ್ತದೆ. ಒಳ್ಳೆಯ ಹುಳಿ ಯಾವುದು, ಕೆಟ್ಟದ್ದು ಯಾವುದು ಎಂಬುದು ನೋಡಿದರೆ ತಿಳಿಯುವುದಿಲ್ಲ.

"ಬಾ ಇಲ್ಲಿ. ದೂರ ನಿಂದ್ರು, ಮುಟ್ಟಬ್ಯಾಡ." ಭರಣಿಯ ಮುಚ್ಚಳ ತೆಗೆದರು. "ಏನರೆ ವಾಸನಿ ಬರ್ತದೇನು?"

"ಮೂಸ್ಲೇನ್ರಿ?"

"ಮೂಸಬ್ಯಾಡ! ದೇವರಿಗೆ ಹೋಗೂ ಪದಾರ್ಥ. ಸುಮ್ನ ನಿಂದ್ರು. ವಾಸನಿ ತಾನ ಬಂದ್ರ ಬರ್ಲಿ."

ನಾನು ಸುಮ್ಮನೆ ನಿಂತೆ. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಅತ್ತೆ ಭರಣಿಯನ್ನು ಎತ್ತಿಕೊಂಡು ಗಾಳಿ ಬರುವ ಬದಿಗೆ ಹೋಗಿ ನಿಂತರು, ಯಾರೂ ಏನೂ ಹೇಳಿಲ್ಲ ಎಂಬಂತೆ. ವಾಸನೆ ತಾನಾಗಿ ಬಂತು.

"ಛಲೋ ಅದ್ರಿ. ಮಜ್ಜಿಗಿ ಹುಳಿನ."

ತಲೆಯಾಡಿಸಿ ಕಾಯಿಗಳನ್ನು ಒಳಗೆ ಹಾಕಿದರು.

ಹೀಗೆ ಎರಡು ಸಂಜೆ ಕಳೆಯಿತು. ಆಮೇಲೆ ಶಾಲೆಯಿಂದ ಕರೆ ಬಂತು, ಸೇರುವ ಮುಂಚೆ ಒಂದು ದಿನ ಬಂದು ಪಾಠ ಮಾಡಿ ತೋರಿಸಿ ಎಂದು. ನಾನು ಬೆಳಿಗ್ಗೆಯೇ ಹೋದೆ. ಆ ದಿನದ ಮೋಡ ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಕಪ್ಪು ಹಲಗೆ ಕಾಣದೆ ಹುಡುಗರು ಲೈಟು ಹಾಕಿ ಎಂದು ಕೂಗಿದ್ದರು. ವಾಪಸು ಬರುವಾಗ ಯರಗಟ್ಟಿಯ ಮಾರುಕಟ್ಟೆಯ ಮುಂದೆ ಗೋವಿನಜೋಳದ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು, ಬಸ್ಸು ಅಲುಗಲಿಲ್ಲ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾಳಿಗೆಯ ಮೆಟ್ಟಿಲಿನ ಕೆಳಗೇ ನನಗೆ ಗೊತ್ತಾಯಿತು.

ಬಿಸಿಲಿಲ್ಲವೆಂದು ಅತ್ತೆ ಕಾಯಿಗಳನ್ನು ಹಗಲಿಡೀ ಭರಣಿಯಲ್ಲೇ ಮುಚ್ಚಿಟ್ಟಿದ್ದರು. ಮೇಲೆ ಹೋದಾಗ ಅವನ್ನೇ ಕೈಯಾರೆ ಕಲಸುತ್ತಿದ್ದರು. ನಾನು ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ನಿಂತೆ.

"ಯಾಕ ನಿಂತಿ?"

ನಾನು ಭರಣಿಯ ಕಡೆ ನೋಡಿದೆ.

"ಕೆಟ್ಟಾವೇನು?"

"ಕೆಟ್ಟಾವ್ರಿ."

ಇಲ್ಲಿಂದ ಮುಂದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅತ್ತೆ ಕೈ ತೊಳೆಯದೆ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ, ಬಹಳ ಹೊತ್ತು ಏಳುವುದಿಲ್ಲ. ಇನ್ನೊಂದರಲ್ಲಿ ನನ್ನನ್ನು ಬಯ್ಯುತ್ತಾರೆ: "ಇಡೀ ದಿವಸ ಊರು ತಿರಗಾಡಿ ಈಗ ಬಂದು ಕೆಟ್ಟಾವು ಅಂತ ಹೇಳ್ತಿ?" ಎರಡೂ ಅವರೇ. ಮೊದಲನೆಯದನ್ನು ಮಾತ್ರ ಇಟ್ಟುಕೊಂಡರೆ ಅವರು ಪಾಪದವರಾಗುತ್ತಾರೆ, ಎರಡನೆಯದನ್ನು ಇಟ್ಟುಕೊಂಡರೆ ನಾನು. ಹಾಗಾಗಿ ಯಾವುದನ್ನೂ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಮಾವ ಜಪಕ್ಕೆ ಕೂತ ಹೊತ್ತು ನೋಡಿ ಬುಟ್ಟಿಯನ್ನು ಹಿತ್ತಲ ಗೋಡೆ ದಾಟಿಸಿದೆವು. ಎಮ್ಮೆಗೆ ಹಾಕೆಂದು ಗೌಡಶ್ಯಾನಿಗೆ ಹೇಳಿದೆವು. ಅವಳು ಎಮ್ಮೆಯ ಮೇವಿನ ದೋಣಿಗೆ ಸುರಿದಳು. ಎಮ್ಮೆ ಮೂತಿ ತಂದು, ಒಮ್ಮೆ ಬುಸುಗುಟ್ಟಿ, ಹಿಂದೆ ಸರಿಯಿತು.

"ಯವ್ವಾ! ನಮ್ಮ ಎಮ್ಮಿನೂ ದ್ವಿದಳ ಹಿಡದೈತೇನ್ರಿ ಬಾಯಾರ?"

ನಗುತ್ತಲೇ ಅವಳು ಬಗ್ಗಿ ಒಂದು ಕಾಯಿ ಎತ್ತಿಕೊಂಡಳು, ಮೂಗಿಗೆ ತಂದಳು, ನಗು ನಿಂತಿತು. ಅತ್ತೆಯ ಮುಖ ನೋಡಿದಳು.

"ಇಷ್ಟ ನಾರೂತನಕಾ ಇಟ್ಟೀರಲ್ರಿ. ನಿಮ್ಮ ಮೂಗಿಗೇನಾಗೇತ್ರಿ?"

"ನನ್ನ ಮೂಗಿಗೇನಾಗೇದ?" ಅತ್ತೆ ಅಂದರು. "ಇಕಿ ಊರಾಗ ಇರಲಿಲ್ಲ."

ಗೌಡಶ್ಯಾನಿ ನನ್ನನ್ನೂ ಅವರನ್ನೂ ನೋಡಿ, ದೋಣಿ ಖಾಲಿ ಮಾಡಲು ಬಗ್ಗಿದಳು.

ನಮ್ಮ ಗಿಡಗಳಲ್ಲಿ ಉಳಿದಿದ್ದು ಬೀಜಕ್ಕೆ ಬಿಟ್ಟ ಕಾಯಿಗಳು ಮಾತ್ರ. ಅತ್ತೆ ಪ್ರತಿ ವರ್ಷ ಒಳ್ಳೆಯ ಗಿಡಗಳನ್ನು ಆರಿಸಿ ಕೆಂಪು ದಾರ ಕಟ್ಟುತ್ತಿದ್ದರು. ಆ ಕಾಯಿ ಗಿಡದಲ್ಲೇ ಒಣಗಿ, ಗಲಗಲ ಅಂದ ಮೇಲೆ ಸುಲಿದು, ಬೂದಿಯಲ್ಲಿ ಕಲಸಿ ಗಡಿಗೆಗೆ ಹಾಕುವುದು. ದಾರ ಕಟ್ಟದವು ಮುಗಿದಿದ್ದವು. "ಇವನ್ನರೆ ಕೊಯ್ಯೋಣೇನ್ರಿ?" ಎಂದೆ. ಅತ್ತೆ ಗಿಡಗಳ ಮುಂದೆ ಹೋಗಿ ನಿಂತರು, ನಾನೀಗಲೇ ಕೈ ಹಾಕುತ್ತೇನೋ ಎಂಬಂತೆ. ಮಧ್ಯಾಹ್ನ ಗೌಡಶ್ಯಾನಿಯೇ ತನ್ನ ಹೊಲದ ಕಾಯಿ ತಂದು ಗೋಡೆಯ ಮೇಲಿಟ್ಟಳು. "ನಮ್ಮೂ ಸ್ವಲ್ಪ ಬಲತಾವ್ರಿ. ನಿಮ್ಮ ದೇವ್ರಿಗೆ ಹಲ್ಲ ಗಟ್ಟಿ ಅದಾವಲಾ?"

ಈ ಸಲ ನಾನು ಮನೆ ಬಿಡಲಿಲ್ಲ. ಬಜಾರಕ್ಕೆ ಹೋಗಲಿಲ್ಲ. ಮಂಗ ಬರುತ್ತದೆಂದು ಕೋಲು ಹಿಡಿದು ಮಾಳಿಗೆಯಲ್ಲಿ ಕೂತೆ. ಮಡಿಯಲ್ಲಿರದ ನಾನು ಕಾಯಿಗಳನ್ನು ಮುಟ್ಟುವಂತಿಲ್ಲವಾದ್ದರಿಂದ ಹೊರಳಿಸಲು ಅತ್ತೆಯೇ ಬರಬೇಕು. ಅವರಿಗೆ ವಾಸನೆ ತಿಳಿಯದ್ದರಿಂದ ನಾನು ಕೆಳಗಿಳಿಯುವಂತಿಲ್ಲ. ಮೋಡ ಬಂದರೆ ಇಬ್ಬರೂ ಆಕಾಶ ನೋಡುತ್ತಿದ್ದೆವು. ಮಾಳಿಗೆಯಿಂದ ಯರಗಟ್ಟಿಯ ಬಸ್ಸು ಹೋಗುವುದು ಕಾಣುತ್ತಿತ್ತು. ಅಲ್ಲಿಯ ಮಕ್ಕಳಿಗೆ ಮೊದಲ ದಿನ ಏನು ಪಾಠ ಮಾಡಬೇಕೆಂದು ಯೋಚಿಸಲು ಹೋಗಿ, ಮಜ್ಜಿಗೆಯ ಹುಳಿಯನ್ನೇ ಯೋಚಿಸುತ್ತಿದ್ದೆ. ಹಾಲನ್ನು ಮೊಸರು ಮಾಡುವ ಜೀವಿಗಳು, ಮೊಸರನ್ನು ಕೆಡಿಸುವ ಜೀವಿಗಳು. ಕಣ್ಣಿಗೆ ಕಾಣುವುದಿಲ್ಲ, ಮಕ್ಕಳೇ. ಮಾವ ಒಂದು ದಿನ ಕೆಳಗಿನಿಂದಲೇ ಕೂಗಿದರು, "ಏನವಾ, ಈ ಸಲ ಸೊಸಿನೂ ಬಾಳಕ ಆಗ್ತಾಳೇನು?"

ದ್ವಾದಶಿಯ ಬೆಳಿಗ್ಗೆ ಬಾಳಕ ಕರಿದರು. ತಿಂಗಳ ಮೇಲೆ ಮೊದಲ ಸಲ ತೊಗರಿಬೇಳೆ ಬೆಂದಿತ್ತು. ಮಾವ ಒಂದು ಬಾಳಕ ಕಚ್ಚಿದರು, ಇನ್ನೊಂದು ಕಚ್ಚಿದರು. ಸಂಜೆಯ ತುಳಸಿ ಮದುವೆಗೆ ನೆಲ್ಲಿಕಾಯಿಯ ಟೊಂಗೆ ತರಬೇಕೆಂದು ಗಂಡ ಏನೋ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

"ಭಾಳ ಹದಾ ಬಂದಾವ" ಎಂದರು ಮಾವ. ಅತ್ತೆಯ ಕಡೆ ತಿರುಗಿ, "ಕೈ ಇನ್ನೂ ಗಟ್ಟಿ ಅದ ನಿಂದು." ಆಮೇಲೆ ನನಗೆ: "ಸೋಮವಾರ ಹೋಗವಾ ಸಾಲಿಗೆ."

ಅತ್ತೆ ಬಾಣಲೆಯ ಎಣ್ಣೆ ನೋಡುತ್ತ ನಿಂತಿದ್ದರು. ನಾನು ಸಂತೋಷವಾಗಲಿ ಎಂದು ಕಾದೆ. ಸೋಮವಾರ ಹಾಲು ಯಾರು ನೋಡುತ್ತಾರೆ ಎಂಬುದೊಂದೇ ತಲೆಗೆ ಬಂತು.

ಸೋಮವಾರ ನಾನೆದ್ದಾಗ ಅಡಿಗೆಮನೆಯಲ್ಲಿ ಆಗಲೇ ಸದ್ದಿತ್ತು. ನಾನು ಸ್ನಾನ ಮಾಡಿ ಬಸ್ಸಿನ ಸೀರೆ ಉಟ್ಟು ಬರುವಷ್ಟರಲ್ಲಿ ಅನ್ನ, ಹುಳಿ, ಪಲ್ಯ, ಹಾಲು ಎಲ್ಲ ಆಗಿತ್ತು. ಮಧ್ಯಾಹ್ನದವರೆಗಿನ ಕೆಲಸವನ್ನು ಅತ್ತೆ ನನ್ನ ಬಸ್ಸಿಗೆ ಮುಂಚೆ ತಂದು ನಿಲ್ಲಿಸಿದ್ದರು.

"ಹೊಸ್ತಲಕ್ಕ ಬಾ. ಒಳಗ ಬರಬ್ಯಾಡ, ಮೈಲಿಗಿ ಸೀರಿ. ಸುಮ್ನ ನಿಂದ್ರು."

ಒಂದೊಂದೇ ಪಾತ್ರೆ ಹೊಸ್ತಿಲಿನವರೆಗೆ ಬಂತು. ಮುಚ್ಚಳ ಎತ್ತುವರು. ನಾನು ನಿಲ್ಲುವೆ. ವಾಸನೆ ತಾನಾಗಿ ಬರುವುದು. ನಾನು ತಲೆಯಾಡಿಸಿದರೆ ಪಾತ್ರೆ ಒಳಗೆ. "ಇಂಗು ಮುಂದಾಗೇದ್ರಿ", "ಬ್ಯಾಳಿ ಸ್ವಲ್ಪ ತಳಾ ಹಿಡದದ." ಆಮೇಲೆ ಬಸ್ಸಿಗೆ ಓಡುವುದು.

ಹೀಗೆ ದಿನಾ. ತಿಂಗಳಿಗೊಮ್ಮೆ ದೂರ ಕೂಡುವ ದಿನಗಳಲ್ಲಿ ಹೊಸ್ತಿಲಿಗೂ ಬರುವಂತಿಲ್ಲ. ಆಗ ಹಿತ್ತಲ ಕಿಟಕಿಯ ಹೊರಗೆ ನಿಲ್ಲುತ್ತಿದ್ದೆ, ಅತ್ತೆ ಒಳಗಿನಿಂದ ಮುಚ್ಚಳ ಎತ್ತಿ ಮೊರದಿಂದ ಗಾಳಿ ಹಾಕುತ್ತಿದ್ದರು. ತವರು ದೇಗಾಂವಿಗೆ ಹೋದರೆ ರಾತ್ರಿ ಉಳಿಯುವಂತಿರಲಿಲ್ಲ. ಚಹಾ ಮುಗಿಯುವ ಮೊದಲೇ ಫೋನು ಬರುತ್ತಿತ್ತು, "ಎಷ್ಟೊತ್ತಿಗೆ ಬರ್ತಿ?" ನಮ್ಮಮ್ಮ ಅದನ್ನು ಪ್ರೀತಿ ಎಂದುಕೊಂಡಳು. ಗಂಡ ಕೂಡ ಒಂದು ದಿನ ಖುಷಿಯಿಂದ, "ನಿಮ್ಮಿಬ್ಬರದೂ ಈಗ ಭಾಳ ಹೊಂದಿಕಿ ಆಗೇದಲಾ" ಎಂದರು.

ಮಾವನ ದೇವರಿಗೆ ಈಗ ಮುಂಜಾನೆಯೇ ಊಟ. ಸ್ವಲ್ಪ ದಿನ ನೋಡಿ ಅವರು ಕೇಳಿಯೇಬಿಟ್ಟರು: "ಯಾಕ, ದೇವರಿಗೂ ಯರಗಟ್ಟಿ ಬಸ್ಸು ಹಿಡಿಯೋದದೇನು?"

"ಬಿಸಲಿಗೆ ಆಗಂಗಿಲ್ಲ ನನಗ. ಲಗೂ ಮುಗಸ್ತೇನಿ" ಎಂದರು ಅತ್ತೆ. ಚಳಿಗಾಲದ ಮಾತದು. ಮಾವ ಪೂಜೆಯ ತಟ್ಟೆ ಎತ್ತಿಕೊಂಡು ಹೋದರು. ಅವರಿಗೆ ತಿಳಿದಿತ್ತೇ? ತಿಳಿದಿತ್ತೆಂದು ಬರೆಯಲು ಆಸೆಯಾಗುತ್ತದೆ, ಮನೆಯೊಂದು ಒಟ್ಟಾಗಿ ಗುಟ್ಟು ಕಾಯ್ದಂತೆ ಚೆಂದ ಕಾಣುತ್ತದೆ. ತಿಳಿದಿತ್ತೆನ್ನಲು ನನ್ನ ಬಳಿ ಏನೂ ಇಲ್ಲ.

ಮಾಘದಲ್ಲಿ ನನಗೆ ನೆಗಡಿಯಾಯಿತು. ಮೂಗು ಎರಡೂ ಕಡೆ ಕಟ್ಟಿ, ಎದ್ದಾಗ ಬಾಯಿಂದ ಉಸಿರಾಡುತ್ತಿದ್ದೆ. ಶಾಲೆಯಲ್ಲಿ ಅಂದು ಪರೀಕ್ಷೆ, ರಜೆ ಹಾಕುವಂತಿರಲಿಲ್ಲ. ಸೀರೆ ಉಟ್ಟು ಹೊಸ್ತಿಲಿಗೆ ಹೋದೆ. ಅತ್ತೆ ಹುಳಿಯ ಪಾತ್ರೆ ತಂದು ಮುಚ್ಚಳ ಎತ್ತಿದರು. ಆವಿ ಮುಖಕ್ಕೆ ಬಂತು, ಬಿಸಿ ತಾಗಿತು, ಅಷ್ಟೇ. ಅವರು ಕಾಯುತ್ತಿದ್ದರು. ಹಿಂದಿನ ಒಲೆಯ ಮೇಲೆ ಇನ್ನೂ ಎರಡು ಪಾತ್ರೆ. ಹೊರಗೆ ಗಂಡ ಗಾಡಿ ಚಾಲೂ ಮಾಡಿದ್ದರು, ಬಸ್‌ಸ್ಟ್ಯಾಂಡಿಗೆ ಬಿಡಲು.

ನಾನು ತಲೆಯಾಡಿಸಿದೆ. ಪಾತ್ರೆ ಒಳಗೆ ಹೋಯಿತು. ಪಲ್ಯಕ್ಕೂ ತಲೆಯಾಡಿಸಿದೆ. ಹಾಲಿಗೂ.

ಪರೀಕ್ಷೆಯ ಕೋಣೆಯಲ್ಲಿ ಫೋನು ಕೈಯಲ್ಲೇ ಇತ್ತು. ಮನೆಯಿಂದ ಕರೆ ಬರಲಿಲ್ಲ. ಸಂಜೆ ಮನೆಗೆ ಬಂದಾಗ ಮಾವ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ, ಅವರು ಎತ್ತುವುದೂ ಇಲ್ಲ. ಅತ್ತೆ ನನಗಾಗಿ ಎತ್ತಿಟ್ಟ ಅನ್ನ ಹುಳಿ ಬಡಿಸಿ ಎದುರಿಗೆ ಕೂತರು. ನಾನು ಕಲಸಿ ಒಂದು ತುತ್ತು ಬಾಯಿಗೆ ಹಾಕಿದೆ. ತಣ್ಣಗಿತ್ತು, ಮೆತ್ತಗಿತ್ತು. ಬೇರೆ ಏನೂ ತಿಳಿಯಲಿಲ್ಲ.

"ಹೆಂಗಾಗೇದ?" ಎಂದು ಕೇಳಿದರು.

"ಛಲೋ ಆಗೇದ್ರಿ."

"ಹಂಗಾದ್ರ ಇನ್ನೊಂಚೂರು ಹಾಕ್ಕೋ" ಎಂದು, ನನ್ನ ಮುಖವನ್ನೇ ನೋಡುತ್ತ, ಸೌಟು ತುಂಬ ಬಡಿಸಿದರು.